ಪದ ಬೇಕು, ಗುರುವಾರದೊಳಗೆ: ‘ಡಿಸ್ಪ್ಯಾರಿಟಿ’ಗೆ ಕನ್ನಡದಲ್ಲಿ ಏನನ್ನೋಣ?

ಫ್ರೀಮಾಂಟ್, ಕ್ಯಾಲಿಫೋರ್ನಿಯಾ – ಸೋಮವಾರ ರಾತ್ರಿ

ಬಳಗದ ಎಲ್ಲರಿಗೂ ನಮಸ್ಕಾರ.

ಅವಸರದ ಕೆಲಸ, ಕ್ಷಮಿಸಿ. ಇಲ್ಲಿನ ಒಂದು ಸ್ವಯಂಸೇವಾ ಗುಂಪು ತಂದೆತಾಯಂದಿರಿಗೆಂದು ನಾಲ್ಕು ಪುಟದ ಕರಪತ್ರ ಮಾಡುತ್ತಿದೆ. ಸ್ಪ್ಯಾನಿಷ್, ಚೀನೀ, ಪಂಜಾಬಿ ಮುಗಿದಿವೆ. ಕನ್ನಡ ನನ್ನ ಪಾಲಿಗೆ ಬಂದಿದೆ. ಗುರುವಾರ ಅಚ್ಚಿಗೆ ಹೋಗಬೇಕು. ಅಮೆರಿಕದಲ್ಲಿ 18 ತುಂಬದ ಮಕ್ಕಳು ಪೊಲೀಸು, ಕೋರ್ಟು, ಬಂಧನಗಳಿಗೆ ಸಿಕ್ಕಾಗ ಮೈಬಣ್ಣ, ಒಲವು, ಲಿಂಗತ್ವಗಳಿಗೆ ತಕ್ಕಂತೆ ಅವರ ಗತಿ ಹೇಗೆ ಬೇರೆಯಾಗುತ್ತದೆ ಎಂಬುದು ವಿಷಯ. ನಾನು ತಲೆಬರಹದಲ್ಲೇ ನಿಂತುಬಿಟ್ಟಿದ್ದೇನೆ.

ಯಂತ್ರಾನುವಾದ ಕೊಟ್ಟದ್ದು: ‘ಯುವ ನ್ಯಾಯದಲ್ಲಿ ಜನಾಂಗೀಯ, ಲೈಂಗಿಕ ದೃಷ್ಟಿಕೋನ ಮತ್ತು ಲಿಂಗ ಗುರುತಿನ ಅಸಮಾನತೆಗಳು’. ಪಕ್ಕದ ಮನೆಯ ಕನ್ನಡದವರಿಗೆ ಓದಲು ಕೊಟ್ಟೆ. ‘ಯುವಜನಾಂಗದ ಲೈಂಗಿಕ ಸಮಸ್ಯೆ ಬಗ್ಗೆನಾ?’ ಎಂದು ಕೇಳಿದರು. ಅಲ್ಲಿಗೆ ಅದನ್ನು ಅಳಿಸಿದೆ.

ನನಗೆ ಮುಖ್ಯವಾಗಿ ಬೇಕಿರುವುದು ‘ಡಿಸ್ಪ್ಯಾರಿಟಿ’ಗೆ ಪದ. ‘ಡಿಸ್ಕ್ರಿಮಿನೇಷನ್’ ಯಾರೋ ಯಾರಿಗೋ ಮಾಡುವಂಥದ್ದು. ‘ಡಿಸ್ಪ್ಯಾರಿಟಿ’ ಲೆಕ್ಕ ಹಾಕಿದಾಗ ಕಣ್ಣಿಗೆ ಬೀಳುವಂಥದ್ದು. ಯಾರು ಮಾಡಿದರು, ಯಾವ ಹಂತದಲ್ಲಿ ಆಯಿತು ಎಂಬ ಪ್ರಶ್ನೆಗಳು ಅದರ ನಂತರ ಬರುತ್ತವೆ. ‘ತಾರತಮ್ಯ’ ಎಂದು ಬರೆದರೆ ಮೊದಲ ಸಾಲಿನಲ್ಲೇ ತೀರ್ಪು ಕೊಟ್ಟಂತಾಗುತ್ತದೆ. ‘ಅಸಮಾನತೆ’ ಎಂದರೆ ಮಕ್ಕಳೇ ಸಮಾನರಲ್ಲ ಎಂದು ಓದಿಕೊಳ್ಳುವವರಿದ್ದಾರೆ.

ಇಲ್ಲಿನ ಕಾನೂನೇ ಈ ಪದಕ್ಕಾಗಿ ಮೂವತ್ತು ವರ್ಷ ತಡಕಾಡಿದೆ. ಮಕ್ಕಳ ಬಂಧನ, ವಿಚಾರಣೆಗೆ ಸಂಬಂಧಿಸಿದ 1974ರ ಕೇಂದ್ರ ಕಾಯ್ದೆಗೆ 1988ರಲ್ಲಿ ತಿದ್ದುಪಡಿ ಬಂದಾಗ ‘ಅಲ್ಪಸಂಖ್ಯಾತ ಮಕ್ಕಳ ಮಿತಿಮೀರಿದ ಬಂಧನ’ ಎಂಬರ್ಥದ ಮಾತಿತ್ತು. ಬಂಧನಕ್ಕೆ ಮುಂಚೆಯೇ, ಪೊಲೀಸರು ದಾರಿಯಲ್ಲಿ ತಡೆದಾಗಲೇ ವ್ಯತ್ಯಾಸ ಶುರುವಾಗುತ್ತದೆ ಎಂದು ಗೊತ್ತಾದ ಮೇಲೆ 2002ರಲ್ಲಿ ‘ಬಂಧನ’ ತೆಗೆದು ‘ಸಂಪರ್ಕ’ ಎಂದರು. 2018ರಲ್ಲಿ ಅದನ್ನೂ ಬಿಟ್ಟು ‘ರೇಷಿಯಲ್ ಅಂಡ್ ಎಥ್ನಿಕ್ ಡಿಸ್ಪ್ಯಾರಿಟೀಸ್’ ಎಂದು ಬರೆದರು. ಅಷ್ಟು ತೂಗಿ ಇಟ್ಟ ಪದವನ್ನು ನಾನು ಕೈಗೆ ಸಿಕ್ಕಿದ್ದಕ್ಕೆ ಕೊಟ್ಟುಬಿಡಲಾರೆ.

ಇದು ನನಗೆ ಬರೀ ಪದದ ಹುಚ್ಚಲ್ಲ. ಹಿಂದೊಮ್ಮೆ ಒಬ್ಬ ಕನ್ನಡದ ತಾಯಿಗೆ ದುಭಾಷಿಯಾಗಿ ಕೂತಿದ್ದೆ. ಹದಿನೈದರ ಮಗಳು ಮೂರು ದಿನ ಮನೆಗೆ ಬಂದಿರಲಿಲ್ಲ. ಅಧಿಕಾರಿ ‘ರನ್‌ಅವೇ’ ಎಂದರು. ‘ಮಗಳು ಓಡಿಹೋಗಿದ್ದಾಳೆ ಎನ್ನುತ್ತಿದ್ದಾರೆ’ ಎಂದೆ. ಆ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು, ‘ಇಲ್ಲ, ಅವಳು ಯಾವ ಹುಡುಗನ ಜೊತೆಗೂ ಹೋಗಿಲ್ಲ, ಅಂಥವಳಲ್ಲ ಅಂತ ಹೇಳಿ’ ಎಂದರು. ನಮ್ಮಲ್ಲಿ ‘ಓಡಿಹೋದಳು’ ಎಂದರೆ ಏನರ್ಥ ಎಂಬುದು ನನ್ನ ತಲೆಗೆ ಹೊಳೆಯುವಷ್ಟರಲ್ಲಿ ಮಾತು ಬಾಯಿಂದ ಹೊರಟಿತ್ತು. ಹುಡುಗಿ ಹೋಗಿದ್ದು ಗೆಳತಿಯ ಮನೆಗೆ. ಆ ಗೆಳತಿ ಅವಳಿಗೆ ಏನು ಎಂಬುದು ಮನೆಯಲ್ಲಿ ಗೊತ್ತಾಗಿ ಜಗಳವಾಗಿತ್ತು. ನನ್ನ ಒಂದು ಪದದಿಂದ ಆ ತಾಯಿ ಉಳಿದ ಅರ್ಧ ಗಂಟೆಯೂ ಇಲ್ಲದ ಹುಡುಗನೊಬ್ಬನನ್ನು ಅಲ್ಲಗಳೆಯುತ್ತಲೇ ಕೂತರು.

ಆದ್ದರಿಂದ: ಡಿಸ್ಪ್ಯಾರಿಟಿ, ರೇಸ್, ಸೆಕ್ಷುಯಲ್ ಓರಿಯೆಂಟೇಷನ್ (ಮನಸ್ಸು ಯಾರತ್ತ ಒಲಿಯುತ್ತದೆ ಎಂಬುದು), ಸ್ಟೇಟಸ್ ಅಫೆನ್ಸ್ (ಶಾಲೆಗೆ ಚಕ್ಕರ್, ಮನೆ ಬಿಡುವುದು, ಹೀಗೆ ಮಕ್ಕಳು ಮಾಡಿದರೆ ಮಾತ್ರ ತಪ್ಪಾಗುವಂಥದ್ದು). ಈ ನಾಲ್ಕಕ್ಕೆ ಸಹಾಯ ಮಾಡಿ. ನಿಘಂಟಿನಲ್ಲಿ ಇರುವುದನ್ನೆಲ್ಲ ನೋಡಿದ್ದೇನೆ. ಮನೆಯಲ್ಲಿ ಓದಿದರೆ ಅರ್ಥವಾಗುವ ಪದ ಬೇಕು.

ಮೈಸೂರು – ಮಂಗಳವಾರ ಬೆಳಿಗ್ಗೆ

ತಾಯಿ, ಪದ ನಿಮ್ಮ ಕೈಯಲ್ಲೇ ಇದೆ, ಬಿಸಾಡುತ್ತಿದ್ದೀರಿ. ತಾರತಮ್ಯವೇ ಸರಿ.

‘ತರ’, ‘ತಮ’ ಎಂಬ ಎರಡು ಪ್ರತ್ಯಯಗಳಿಂದ ಆದ ಪದ ಅದು. ಲಘುತರ, ಲಘುತಮ ಎನ್ನುತ್ತೇವಲ್ಲ, ಆ ತರ-ತಮಗಳ ಭಾವವೇ ತಾರತಮ್ಯ. ಒಂದಕ್ಕಿಂತ ಇನ್ನೊಂದು ಹೆಚ್ಚು, ಅದಕ್ಕಿಂತ ಮತ್ತೊಂದು ಹೆಚ್ಚು ಎಂಬ ಅಂತಸ್ತಿನ ವ್ಯತ್ಯಾಸ. ಮಧ್ವಮತದವರು ಇಂದಿಗೂ ಅದೇ ಅರ್ಥದಲ್ಲಿ ಬಳಸುತ್ತಾರೆ, ಅಲ್ಲಿ ಯಾರ ಮೇಲೂ ಆರೋಪವಿಲ್ಲ. ನೀವು ಹೇಳುವ ‘ಲೆಕ್ಕದಲ್ಲಿ ಕಾಣುವ ವ್ಯತ್ಯಾಸ’ಕ್ಕೆ ಇದಕ್ಕಿಂತ ನಿಖರವಾದ ಪದ ಯಾವ ಭಾಷೆಯಲ್ಲೂ ಸಿಗಲಾರದು. ಪತ್ರಿಕೆಯವರು ಅರ್ಥ ಕೆಡಿಸಿದರೆಂದು ಪದವನ್ನೇ ಬಿಡುವುದು ಸಲ್ಲದು. ಸರಿಯಾಗಿ ಬಳಸಿ, ಜನ ಕಲಿಯುತ್ತಾರೆ.

ರೇಸ್ ಎಂದರೆ ಜನಾಂಗ. ಇದರಲ್ಲಿ ಚರ್ಚೆ ಬೇಡ.

ಧಾರವಾಡ – ಮಂಗಳವಾರ ಮಧ್ಯಾಹ್ನ

ಮೈಸೂರಿನ ಮಾಸ್ತರರಿಗೆ ನಮಸ್ಕಾರ. ಚರ್ಚೆ ಬೇಡ ಅಂದ್ರ ಹ್ಯಾಂಗ್ರಿ? ನಮ್ಮ ಕಡೆ ಮದುವಿ ಜಾಹೀರಾತಿನ್ಯಾಗ ‘ಜನಾಂಗ’ ಅಂದ್ರ ಜಾತಿ. ಭಾಷಣದಾಗ ‘ಮುಂದಿನ ಜನಾಂಗ’ ಅಂದ್ರ ತಲೆಮಾರು. ‘ಯುವಜನಾಂಗ’ ಅಂದ್ರ ಹುಡುಗರು. ಫ್ರೀಮಾಂಟದ ಅಕ್ಕಾರ ನೆರೆಯವರು ತಪ್ಪಿ ಓದಿಲ್ಲ, ಕನ್ನಡ ಬಲ್ಲವರು ಓದೂ ಹಂಗ ಓದ್ಯಾರ.

ಇನ್ನ ಪದದ ಮೂಲ ಹಿಡದು ಅರ್ಥ ಹೇಳೂದರ ಬಗ್ಗೆ ಒಂದ ಮಾತು. ಅಮೆರಿಕದ ಮಾತು ಬಂದೈತಿ, ಅಲ್ಲಿಂದನ ಹೇಳತೇನಿ. 1923ರಾಗ ಭಗತ್ ಸಿಂಗ್ ಥಿಂಡ್ ಅನ್ನೂ ಪಂಜಾಬಿನ ಮನಷ್ಯಾನ ಪೌರತ್ವದ ಪ್ರಕರಣ ಅಲ್ಲಿನ ಸುಪ್ರೀಂ ಕೋರ್ಟಿನ ಮುಂದ ಬಂದಿತ್ತು. ಆಗಿನ ಕಾಯ್ದೆದಾಗ ಬಿಳಿಯರಿಗೆ ಪೌರತ್ವ ಕೊಡತಿದ್ರು. ‘ನಾನು ಆರ್ಯ, ಶಾಸ್ತ್ರದ ಪ್ರಕಾರ ಕಕೇಷಿಯನ್, ಅಂದ ಮ್ಯಾಲೆ ಬಿಳಿಯ’ ಅಂತ ಪದದ ಬೇರು ಹಿಡದು ವಾದ ಮಾಡಿದ. ಕೋರ್ಟು ಒಪ್ಪಲಿಲ್ಲ. ಬೀದಿಯೊಳಗಿನ ಸಾಮಾನ್ಯ ಮನಷ್ಯಾ ಆ ಪದಕ್ಕ ಏನು ಅರ್ಥ ಮಾಡತಾನೋ ಅದ ಅರ್ಥ ಅಂತ ಹೇಳಿ ಥಿಂಡನ ಕೈಬಿಟ್ಟಿತು. ಆ ತೀರ್ಪು ಅನ್ಯಾಯದ್ದ, ಆದ್ರ ಅದು ಒಂದು ಮಾತು ತೋರಿಸತೈತಿ. ಪದದ ಬೇರು ಎಷ್ಟ ಶುದ್ಧ ಇದ್ರೂ ಓದಾವನ ಕಿವಿಯೊಳಗಿನ ಅರ್ಥದ ಮುಂದ ಅದು ನಿಲ್ಲೂದಿಲ್ಲ. ಇವತ್ತು ‘ತಾರತಮ್ಯ’ ಅಂದ್ರ ಅನ್ಯಾಯ ಮಾಡೂದು, ಮುಗೀತು.

ನನ್ನ ಸೂಚನೆ: ಪಂಕ್ತಿಭೇದ. ಒಂದ ಸಾಲಿನ್ಯಾಗ ಕುಂತವರಿಗೆ ಒಬ್ಬರಿಗೆ ತುಪ್ಪ, ಒಬ್ಬರಿಗೆ ನೀರಮಜ್ಜಿಗಿ. ಇಂಥಾ ಮಾತು ಹಳ್ಳಿಯವರಿಗೂ ತಿಳಿತೈತಿ.

ಸಾಗರ – ಮಂಗಳವಾರ ಸಂಜೆ

ಸಕ್ಕದದ (ಸಂಸ್ಕೃತದ) ತರ-ತಮವೂ ಬೇಡ, ಊಟದ ಸಾಲೂ ಬೇಡ. ಊಟದ ಸಾಲಿನಲ್ಲಿ ಬಡಿಸುವ ಕಯ್ ಯಾರದೆಂದು ಎಲ್ಲರಿಗೂ ಗೊತ್ತು, ಹಾಗಾಗಿ ಅದೂ ಒಬ್ಬರ ಮೇಲೆ ಹೊರೆಸುವ ಮಾತೇ ಆಯಿತು. ಪಂಕ್ತಿ, ಬೇದ ಎರಡೂ ಕನ್ನಡದ ಒರೆಗಳಲ್ಲ, ನೀವು ಪದ ಎನ್ನುವಿರಲ್ಲ ಅದು.

ಕನ್ನಡದಲ್ಲಿ ‘ಎಣೆ’ ಎಂದರೆ ಸಾಟಿ, ಸಮ. ಎಣೆಯಿಲ್ಲದ ಎನ್ನುತ್ತೇವೆ. ಎಣೆ ಕೆಟ್ಟದ್ದು ಎಣೆಗೇಡು. ಡಿಸ್ಪ್ಯಾರಿಟಿಗೆ ‘ಎಣೆಗೇಡು’ ಇರಲಿ. ಸ್ಟೇಟಸ್ ಅಪೆನ್ಸಿಗೆ ‘ಹರೆಯದ ತಪ್ಪು’. ಹರೆಯ ಎಂಬುದಕ್ಕಾಗಿಯೇ ತಪ್ಪೆನಿಸುವುದು ಎಂಬ ಹುರುಳು ನೇರವಾಗಿ ಬರುತ್ತದೆ. ಇಂತಹ ಹೊತ್ತಿನಲ್ಲಿ ಹೊಸ ಒರೆ ಕಟ್ಟದಿದ್ದರೆ ಇನ್ಯಾವಾಗ ಕಟ್ಟುವುದು?

ಧಾರವಾಡ – ಮಂಗಳವಾರ ಸಂಜೆ

ಸಾಗರದವರ, ‘-ಗೇಡು’ ಹತ್ತಿದ ಪದಾ ನೆನಪ ಮಾಡಕೋರಿ. ನಾಚಿಕೆಗೇಡು, ಹೊಣೆಗೇಡಿ, ಮಾನಗೇಡಿ. ‘ಮಕ್ಕಳ ಎಣೆಗೇಡು’ ಅಂದ್ರ ಮಕ್ಕಳನ್ನ ಬೈದಂಗ ಆಗತೈತಿ. ‘ಹರೇದ ತಪ್ಪು’ ಅಂತ ಹಳ್ಯಾಗ ಯಾವುದಕ್ಕ ಅಂತಾರ ನಿಮಗ ಗೊತ್ತಿಲ್ಲೇನು? ಶಾಲಿಗೆ ಚಕ್ಕರ್ ಹೊಡದ ಹುಡುಗಿ ಮ್ಯಾಲೆ ಆ ಮಾತು ಹೊರಸಬ್ಯಾಡ್ರಿ.

ಫ್ರೀಮಾಂಟ್ – ಬುಧವಾರ ನಸುಕು

ಎಲ್ಲರಿಗೂ ಋಣಿ. ‘ಹರೆಯದ ತಪ್ಪು’ ಬಿಟ್ಟೆ, ಆ ತಾಯಿಯ ಮುಖ ಕಣ್ಣಮುಂದೆ ಬಂತು. ಪಂಕ್ತಿಭೇದ ನನಗೆ ತುಂಬ ಹಿಡಿಸಿತು, ಆದರೆ ಸಾಗರದವರ ಆಕ್ಷೇಪ ಸರಿ. ಅಲ್ಲಿ ಬಡಿಸುವವನೊಬ್ಬನೇ. ಇಲ್ಲಿ ಹಾಗಲ್ಲ. ಕರಪತ್ರದ ಒಳಗೇನಿದೆ ಎಂದು ಹೇಳದೆ ಪದ ಕೇಳಿದ್ದು ನನ್ನ ತಪ್ಪು. ಈಗ ಹೇಳುತ್ತೇನೆ.

2000ದಲ್ಲಿ ಅಮೆರಿಕದಲ್ಲಿ ಯಾವುದೇ ಒಂದು ದಿನ ಎಣಿಸಿದರೆ 1,08,000ಕ್ಕೂ ಹೆಚ್ಚು ಮಕ್ಕಳು ಮನೆಯಿಂದ ಹೊರಗೆ ಕೂಡಿಹಾಕಲ್ಪಟ್ಟಿದ್ದರು. 2020ರ ಹೊತ್ತಿಗೆ ಅದು 25,000ದ ಆಸುಪಾಸಿಗೆ ಇಳಿಯಿತು. ಕ್ಯಾಲಿಫೋರ್ನಿಯಾ 2023ರ ಜೂನ್ ಕೊನೆಗೆ ರಾಜ್ಯಮಟ್ಟದ ಮಕ್ಕಳ ಸೆರೆಮನೆಗಳ ವ್ಯವಸ್ಥೆಯನ್ನೇ ಮುಚ್ಚಿ ಹೊಣೆಯನ್ನು ಕೌಂಟಿಗಳಿಗೆ (ನಮ್ಮ ಜಿಲ್ಲೆಗಳಂಥವು) ವಹಿಸಿತು. ಇಷ್ಟು ಇಳಿದ ಮೇಲೂ 2021ರಲ್ಲಿ ಕಪ್ಪು ಮಗುವೊಂದು ಬಂಧನದಲ್ಲಿರುವ ಸಂಭವ ಬಿಳಿಯ ಮಗುವಿನದಕ್ಕಿಂತ 4.7 ಪಟ್ಟು. ಮೂಲನಿವಾಸಿ ಬುಡಕಟ್ಟುಗಳ ಮಕ್ಕಳದು 3.7 ಪಟ್ಟು. ಸಂಖ್ಯೆ ಕರಗಿತು, ಅನುಪಾತ ಕರಗಲಿಲ್ಲ. ನನಗೆ ಬೇಕಿರುವ ಪದ ಈ ಎರಡನೆಯದಕ್ಕೆ.

ಇದು ಒಂದೇ ಏಟಿಗೆ ಆಗುವುದಲ್ಲ. ಶಾಲೆಯವರು ಪೊಲೀಸರನ್ನು ಕರೆಯುವುದು, ಪೊಲೀಸರು ಗದರಿ ಬಿಡುವುದೋ ಠಾಣೆಗೆ ಒಯ್ಯುವುದೋ, ಕೋರ್ಟಿಗೆ ಹೋಗದಂತೆ ಬೇರೆ ದಾರಿಗೆ ಹಚ್ಚುವುದೋ ಬಿಡುವುದೋ, ವಿಚಾರಣೆಯವರೆಗೆ ಮನೆಗೆ ಕಳಿಸುವುದೋ ಕೂಡಿಹಾಕುವುದೋ, ಕೊನೆಗೆ ದೊಡ್ಡವರ ಕೋರ್ಟಿಗೆ ವರ್ಗಾಯಿಸುವುದೋ. ಪ್ರತಿ ಹಂತದಲ್ಲೂ ಒಂದೊಂದು ಸಣ್ಣ ಓರೆ ಸೇರುತ್ತ ಹೋಗಿ ಕೊನೆಯಲ್ಲಿ ಆ 4.7 ಆಗುತ್ತದೆ. 2015–16ರ ಶಾಲಾವರ್ಷದ ಕೇಂದ್ರ ಸರ್ಕಾರದ ಅಂಕಿಅಂಶ ನೋಡಿ: ಶಾಲೆಗಳಲ್ಲಿ ಕಪ್ಪು ಮಕ್ಕಳು ನೂರಕ್ಕೆ 15, ಶಾಲೆಯಿಂದ ಪೊಲೀಸರಿಗೆ ಒಪ್ಪಿಸಲ್ಪಟ್ಟವರಲ್ಲಿ ಅಥವಾ ದಸ್ತಗಿರಿಯಾದವರಲ್ಲಿ ನೂರಕ್ಕೆ 31. ‘ಬಡಿಸಿದ ಕೈ’ ಯಾವುದೆಂದು ತೋರಿಸಿ ಎಂದರೆ ಹತ್ತು ಕೈಗಳು ಕಾಣುತ್ತವೆ.

ಒಲವು, ಲಿಂಗತ್ವದ ಲೆಕ್ಕ ಇನ್ನೂ ಕಷ್ಟ, ಏಕೆಂದರೆ ಬಹುಕಾಲ ಯಾರೂ ಕೇಳಿರಲೇ ಇಲ್ಲ. ಕೇಳಿದ ಸಮೀಕ್ಷೆಗಳಲ್ಲಿ, ಬಂಧನದಲ್ಲಿರುವ ಮಕ್ಕಳಲ್ಲಿ ಸುಮಾರು ನೂರಕ್ಕೆ 20, ಹುಡುಗಿಯರಲ್ಲಂತೂ ನೂರಕ್ಕೆ 40ರ ಹತ್ತಿರ ಗೇ, ಲೆಸ್ಬಿಯನ್, ಬೈಸೆಕ್ಷುಯಲ್, ಟ್ರಾನ್ಸ್‌ಜೆಂಡರ್ ಮುಂತಾದ ಗುಂಪಿಗೆ ಸೇರಿದವರು. ಹೊರಗಿನ ಹದಿಹರೆಯದವರಲ್ಲಿ ಅಂಥವರು ನೂರಕ್ಕೆ 5ರಿಂದ 7 ಎಂಬುದು ಆಗಿನ ಅಂದಾಜು. ಹೀಗೆ ಸಿಕ್ಕವರಲ್ಲಿ ಬಹುಪಾಲು ಬಿಳಿಯರಲ್ಲದವರು, ಅಂದರೆ ಎರಡು ಹೊರೆ ಒಂದೇ ತಲೆಯ ಮೇಲೆ.

ದಾರಿ ಹೀಗಿರುತ್ತದೆ. ಮನೆಯಲ್ಲಿ ಗೊತ್ತಾಗುತ್ತದೆ, ಜಗಳ, ಮಗು ಮನೆ ಬಿಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮನೆಯವರ ಹಿಡಿತಕ್ಕೆ ಸಿಗದಿರುವುದು, ಶಾಲೆಗೆ ಚಕ್ಕರ್ ಹೊಡೆಯುವುದು ಇವೆಲ್ಲ 601ನೇ ವಿಧಿಗೆ ಬರುತ್ತವೆ, ಕಳವು ಹೊಡೆದಾಟದಂಥವು 602ಕ್ಕೆ. 1974ರ ಕಾಯ್ದೆ ಮೊದಲ ಬಗೆಯ ಮಕ್ಕಳನ್ನು ಬೀಗ ಹಾಕಿದ ಜಾಗದಲ್ಲಿ ಇಡಬೇಡಿ ಎಂದಿತು. 1980ರಲ್ಲಿ ಒಂದು ಕಿಂಡಿ ತೆರೆದರು: ‘ಮನೆ ಬಿಡಬೇಡ’ ಎಂದು ನ್ಯಾಯಾಧೀಶರು ಆದೇಶ ಕೊಟ್ಟಿದ್ದು ಮಗು ಮತ್ತೆ ಬಿಟ್ಟರೆ, ಆದೇಶ ಮೀರಿದ್ದಕ್ಕಾಗಿ ಕೂಡಿಹಾಕಬಹುದು. ಇರಲಾರದ ಮನೆಗೇ ವಾಪಸು ಕಳಿಸಿದರೆ ಮಗು ಇನ್ನೇನು ಮಾಡೀತು? ಒಳಗೆ ಹೋದ ಮೇಲಿನ ಪಾಡು ಬೇರೆ. 2012ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಜೊತೆಯ ಮಕ್ಕಳಿಂದಲೇ ಲೈಂಗಿಕ ದೌರ್ಜನ್ಯವಾಯಿತು ಎಂದವರು ಗೇ, ಲೆಸ್ಬಿಯನ್, ಬೈಸೆಕ್ಷುಯಲ್ ಮಕ್ಕಳಲ್ಲಿ ನೂರಕ್ಕೆ 10.3. ಉಳಿದವರಲ್ಲಿ 1.5.

ಇಷ್ಟನ್ನು ಹೊರುವ ಪದ ಬೇಕು. ಇವತ್ತು ಬುಧವಾರ.

ಬೆಂಗಳೂರು, ವಕೀಲ – ಬುಧವಾರ ಬೆಳಿಗ್ಗೆ

ಮೇಡಂ, ಮೊದಲು ‘ಯುವ ನ್ಯಾಯ’ ತೆಗೆಯಿರಿ. ಯುವಕ ಎಂದರೆ ನಮ್ಮಲ್ಲಿ ಇಪ್ಪತ್ತೈದರವನು, ಪಕ್ಷಗಳ ಯುವ ಘಟಕದಲ್ಲಿ ನಲವತ್ತರವನು. ನಮ್ಮ ಕಾಯ್ದೆಯ ಕನ್ನಡ ‘ಬಾಲನ್ಯಾಯ’. ಬಾಲನ್ಯಾಯ ಮಂಡಳಿ ಎಂಬ ಬೋರ್ಡು ಜಿಲ್ಲೆಗಳಲ್ಲಿ ನೇತಾಡುತ್ತಿದೆ. ಕರಪತ್ರಕ್ಕೆ ‘ಮಕ್ಕಳ ನ್ಯಾಯ’ ಎಂದರೂ ಸಾಕು.

‘ಬಾಲಾಪರಾಧಿ’ ಎಲ್ಲಿಯೂ ಬೇಡ. ನಮ್ಮ 1986ರ ಕಾಯ್ದೆಯಲ್ಲಿ ಆ ಅರ್ಥದ ಪದವಿತ್ತು. 2000ದಲ್ಲಿ ಅದನ್ನು ಬಿಟ್ಟು ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ’ ಎಂಬ ಮಾತು ಬಂತು. 2015ರಲ್ಲಿ ಅದರ ಜೊತೆಗೆ ‘ಮಗು’ ಬಂತು. ಅಷ್ಟುದ್ದದ ಮಾತು ನಾಲಿಗೆಗೆ ಭಾರ, ಆದರೂ ಮಗುವಿನ ಹಣೆಗೆ ಅಂಟುವುದಿಲ್ಲ.

ಇನ್ನೊಂದು ಎಚ್ಚರ: ‘ಡಿಟೆನ್ಷನ್ ಸೆಂಟರ್’ಗೆ ಮಂದಿರ, ಆಲಯ, ನಿಲಯ ಎಂದು ಬರೆಯಬೇಡಿ. ಅಮೆರಿಕದ 1967ರ ಗಾಲ್ಟ್ ಪ್ರಕರಣ ನಿಮಗೂ ಗೊತ್ತಿರುತ್ತದೆ. ಅರಿಜೋನಾದ 15 ವರ್ಷದ ಹುಡುಗ, ಅಶ್ಲೀಲ ಫೋನ್ ಕರೆಯ ದೂರು. ದೊಡ್ಡವನಾಗಿದ್ದರೆ ಸಣ್ಣ ಜುಲ್ಮಾನೆ ಇಲ್ಲವೇ ಹೆಚ್ಚೆಂದರೆ ಎರಡು ತಿಂಗಳ ಸೆರೆವಾಸದಲ್ಲಿ ಮುಗಿಯುತ್ತಿತ್ತು, ಇವನನ್ನು 21 ತುಂಬುವವರೆಗೂ ಇಡಬಹುದೆಂದು ‘ಇಂಡಸ್ಟ್ರಿಯಲ್ ಸ್ಕೂಲ್’ಗೆ ಕಳಿಸಿದರು. ಹೆಸರಿಗೆ ಶಾಲೆ ಎಂದರೂ ಅದು ಕೂಡಿಹಾಕುವ ಜಾಗವೇ ಎಂದು ಸುಪ್ರೀಂ ಕೋರ್ಟು ಹೇಳಿ, ಮಕ್ಕಳಿಗೂ ವಕೀಲರ ಹಕ್ಕು ಕೊಟ್ಟಿತು. ಬಂಧನವನ್ನು ಬಂಧನ ಎಂದೇ ಕರೆಯಿರಿ. ತಾಯಿಗೆ ಅಲ್ಲಿ ಏನು ನಡೆಯುತ್ತಿದೆ ಎಂದು ಗೊತ್ತಾದರೆ ತಾನೇ ಅವಳು ವಕೀಲರನ್ನು ಕೇಳುವುದು?

ಡಿಸ್ಪ್ಯಾರಿಟಿಗೆ ನನ್ನ ಬಳಿ ಪದವಿಲ್ಲ. ‘ಡಿಸ್ಪ್ಯಾರಿಟಿ’ ಎಂದೇ ಕನ್ನಡ ಲಿಪಿಯಲ್ಲಿ ಬರೆದರೆ ಏನು ನಷ್ಟ?

ಸಾಗರ – ಬುಧವಾರ

ನಶ್ಟ ಏನೆಂದರೆ ಕನ್ನಡ. ದಿನಕ್ಕೊಂದು ಇಂಗ್ಲಿಶ್ ಒರೆ ಹೀಗೇ ಒಳಬಂದು ಕೂತರೆ ನಾಳೆ ಕನ್ನಡದಲ್ಲಿ ಉಳಿಯುವುದು ‘ಆಗಿದೆ’, ‘ಮಾಡಿದರು’ ಎರಡೇ. ನೀವು ಕೋರ‍್ಟಿನವರು, ನಿಮಗೆ ಇದು ತಿಳಿಯದು.

ಬೆಂಗಳೂರು, ವಕೀಲ – ಬುಧವಾರ

ಕೋರ್ಟಿನವನಾದ್ದರಿಂದಲೇ ತಿಳಿಯುತ್ತದೆ. ‘ಕಾನೂನು’ ಗ್ರೀಕರಿಂದ ಅರಬ್ಬರಿಗೆ ಹೋಗಿ ಅಲ್ಲಿಂದ ನಮಗೆ ಬಂತು. ವಕೀಲ, ಜಾಮೀನು, ಖೈದಿ ಅರಬ್ಬಿ. ಫಿರ್ಯಾದಿ ಪಾರಸಿ. ನಮ್ಮ ತಾತಂದಿರು ನಿಘಂಟು ನೋಡಿಕೊಂಡು ಇವನ್ನು ಕಲಿತದ್ದಲ್ಲ, ಮೈಮೇಲೆ ಬಂದಾಗ ಕಲಿತರು. ಇವತ್ತು ಸಾಗರದ ಯಾವ ರೈತನಿಗೂ ‘ಜಾಮೀನು’ ಪರದೇಶದ್ದೆಂದು ಹೇಳಿ ನೋಡಿ.

ಮೈಸೂರು – ಬುಧವಾರ

ಅರಬ್ಬಿ ಬರಲಿ, ಇಂಗ್ಲಿಷ್ ಬರಲಿ, ಎರಡು ಸಾವಿರ ವರ್ಷ ಜೊತೆಗಿದ್ದ ಸಂಸ್ಕೃತ ಮಾತ್ರ ಹೊರಗಿನದು! ಮಹಾಪ್ರಾಣ ತೆಗೆದುಹಾಕಿ ‘ಬೇದ’, ‘ನಶ್ಟ’ ಎಂದು ಬರೆಯುವವರಿಂದ ಪದಶುದ್ಧಿಯ ಪಾಠ ಬೇಕಿಲ್ಲ. ನನ್ನ ಮಟ್ಟಿಗೆ ಈ ಚರ್ಚೆ ಮುಗಿಯಿತು.

ಮಂಗಳೂರು – ಬುಧವಾರ ಸಂಜೆ

ಮುಗಿಯಲಿಲ್ಲ ಮೇಷ್ಟ್ರೇ. ಅಕ್ಕ ಕೇಳಿದ ನಾಲ್ಕರಲ್ಲಿ ಒಂದನ್ನು, ಸೆಕ್ಷುಯಲ್ ಓರಿಯೆಂಟೇಷನ್ ಅನ್ನು, ಯಾರೂ ಮುಟ್ಟಲೇ ಇಲ್ಲ. ನಾನು ಈ ಸಮುದಾಯದವರ ಜೊತೆ ಕೆಲಸ ಮಾಡುವವಳು, ಅದಕ್ಕೆ ಬರೆಯುತ್ತಿದ್ದೇನೆ.

‘ಲೈಂಗಿಕ ದೃಷ್ಟಿಕೋನ’ ಎಂದು ಯಾವ ಮನುಷ್ಯನೂ ತನ್ನ ಬಗ್ಗೆ ಹೇಳಿಕೊಂಡದ್ದನ್ನು ನಾನು ಕೇಳಿಲ್ಲ. ದೃಷ್ಟಿಕೋನ ಎಂದರೆ ಅಭಿಪ್ರಾಯ, ನಾಳೆ ಬದಲಾಗಬಹುದಾದದ್ದು. ‘ಅಭಿರುಚಿ’ ಎಂದು ಬರೆಯುವವರಿದ್ದಾರೆ, ಅದು ಉಪ್ಪಿನಕಾಯಿಗೆ ಸರಿ. ‘ಸಲಿಂಗಕಾಮಿ’ಯನ್ನು ಹದಿನಾಲ್ಕರ ಮಗುವಿಗೆ ಹಚ್ಚಬೇಡಿ ಮಾರಾಯ್ರೆ, ಅದರ ನಡುವೆ ‘ಕಾಮ’ ಕೂತಿದೆ. ಆ ಮಗು ಇನ್ನೂ ಯಾರ ಕೈಯನ್ನೂ ಹಿಡಿದಿರಲಿಕ್ಕಿಲ್ಲ, ಪಕ್ಕದ ಬೆಂಚಿನವಳನ್ನು ನೋಡಿ ಎದೆ ಹೊಡೆದುಕೊಂಡಿರುತ್ತದೆ ಅಷ್ಟೇ.

‘ಲೈಂಗಿಕ’ ಎಂಬ ವಿಶೇಷಣವೇ ತಲೆಬರಹದಲ್ಲಿ ಬೇಡ ಎನ್ನುತ್ತೇನೆ. ಕನ್ನಡ ಪೇಪರಿನಲ್ಲಿ ಅದು ದಿನಾ ಬರುವುದು ದೌರ್ಜನ್ಯ, ಕಿರುಕುಳಗಳ ಜೊತೆಗೆ. ‘ಮಕ್ಕಳು’, ‘ಲೈಂಗಿಕ’, ‘ನ್ಯಾಯ’ ಮೂರೂ ಒಂದೇ ಸಾಲಿನಲ್ಲಿ ಕಂಡರೆ ತಂದೆತಾಯಿ ಪೋಕ್ಸೊ ಕೇಸು ಎಂದೇ ತಿಳಿಯುತ್ತಾರೆ, ಪುಟ ಮಗುಚಿ ಇಡುತ್ತಾರೆ. ‘ಒಲವು’ ಸಾಕು. ಅಕ್ಕ, ನೀವೇ ನಿಮ್ಮ ಪತ್ರದಲ್ಲಿ ಯೋಚನೆ ಮಾಡದೆ ‘ಮೈಬಣ್ಣ, ಒಲವು, ಲಿಂಗತ್ವ’ ಎಂದು ಬರೆದಿದ್ದೀರಿ. ಅಲ್ಲಿ ನಾನು ಎಲ್ಲಿಯೂ ಎಡವಲಿಲ್ಲ.

‘ಲಿಂಗತ್ವ’ ಈಗ ನಿಂತ ಪದ. ಸರ್ಕಾರದ ಕಾಗದಗಳಲ್ಲೇ ‘ಲಿಂಗತ್ವ ಅಲ್ಪಸಂಖ್ಯಾತರು’ ಉಂಟು. ‘ಲಿಂಗ’ಕ್ಕೂ ಅದಕ್ಕೂ ಒಂದು ‘ತ್ವ’ದ ವ್ಯತ್ಯಾಸ, ಅಚ್ಚಿನಲ್ಲಿ ಅದು ಬಿದ್ದುಹೋಗದಂತೆ ನೋಡಿಕೊಳ್ಳಿ. ‘ಮೂರನೇ ಲಿಂಗ’ ಎಂದು ಎಲ್ಲರನ್ನೂ ಒಂದು ಗೋಣಿಯಲ್ಲಿ ತುಂಬಬೇಡಿ. ಹುಡುಗಿಯೆಂದು ಬರೆಸಿಕೊಂಡ ಮಗು ತಾನು ಹುಡುಗ ಎಂದರೆ ಅವನು ಹುಡುಗ. ಮೂರನೆಯವನಲ್ಲ.

ಮತ್ತೊಂದು: ‘ರನ್‌ಅವೇ’ಗೆ ‘ಮನೆ ಬಿಟ್ಟ ಮಗು’ ಎನ್ನಿ. ಬಿಟ್ಟದ್ದೋ ಬಿಡಿಸಿದ್ದೋ ಎಂಬ ಪ್ರಶ್ನೆ ಅದರ ಒಳಗೇ ಉಳಿಯುತ್ತದೆ. ಅಮೆರಿಕದಲ್ಲಿ ನೆಲೆಯಿಲ್ಲದ ಯುವಜನರಿಗೆ ಆಸರೆ ಕೊಡುವ ಸಂಸ್ಥೆಗಳನ್ನು ಕೇಳಿ ಮಾಡಿದ 2012ರ ವರದಿಯಲ್ಲಿ, ತಮ್ಮಲ್ಲಿಗೆ ಬರುವವರಲ್ಲಿ ನೂರಕ್ಕೆ 40 ಈ ಮಕ್ಕಳೇ ಎಂದಿತ್ತು. ಅವರಲ್ಲಿ ಎಷ್ಟೋ ಜನ ಓಡಿದವರಲ್ಲ, ಹೊರಗೆ ಹಾಕಿಸಿಕೊಂಡವರು.

ಧಾರವಾಡ – ಬುಧವಾರ ರಾತ್ರಿ

ಮಂಗಳೂರಿನ ತಂಗಿ ಹೇಳಿದ್ದು ಖರೇ. ಪಂಕ್ತಿಭೇದ ನಾ ಹಿಂದಕ್ಕ ತಗೋತೇನಿ.

ಫ್ರೀಮಾಂಟದ ಅಕ್ಕಾರ, ನಿಮ್ಮ ಎರಡೂ ಪತ್ರಾ ಮತ್ತ ಓದಿದೆ. ‘ಕನ್ನಡ ನನ್ನ ಪಾಲಿಗೆ ಬಂದಿದೆ’ ಅಂದೀರಿ. ‘ಬಹುಪಾಲು’ ಅಂದೀರಿ. ನಿಮಗ ಬೇಕಾದ ಪದಾ ಅದ ಅಲ್ಲೇನ್ರಿ, ಪಾಲು? ಶಾಲ್ಯಾಗ 15 ಪಾಲು, ದಸ್ತಗಿರ್ಯಾಗ 31 ಪಾಲು. ಇದು ಅಸಮ ಪಾಲು. ಅಣ್ಣತಮ್ಮರ ಹೊಲದ ಪಾಲು ಸರಿ ಬಿದ್ದಿಲ್ಲ ಅಂತ ಗೊತ್ತಾಗಾಕ ಯಾರ ಮ್ಯಾಲೂ ಆರೋಪ ಹೊರಸಬೇಕಂತಿಲ್ಲ. ಮೊದಲು ಅಳತಿ, ಆಮ್ಯಾಲೆ ಜಗಳ.

ಯಾರರೆ ಕೇಳಬಹುದು, ಪಾಲು ಅಂದ್ರ ಬೇಕಂತ ಕೇಳಿ ತಗೊಳ್ಳೂದು, ಸೆರಿಮನಿ ಪಾಲು ಯಾರಿಗೆ ಬೇಕು ಅಂತ. ಕನ್ನಡದಾಗ ಅದಕ್ಕೂ ಉತ್ತರ ಐತಿ. ಬೆಂಕಿಪಾಲು, ನೀರುಪಾಲು, ಕಳ್ಳರಪಾಲು, ಜೈಲುಪಾಲು. ಬ್ಯಾಡಾದದ್ದರ ಕೈಗೆ ಸಿಗೂದಕ್ಕೂ ನಾವು ಪಾಲ ಅಂತೇವಿ. ಲೆಕ್ಕಾನೂ ಅದ, ಗತಿನೂ ಅದ.

ಸಾಗರ – ಬುಧವಾರ ರಾತ್ರಿ

ಪಾಲು ಕನ್ನಡದ್ದೇ. ತಮಿಳಿನಲ್ಲೂ ಇದೆ. ‘ಅಸಮ’ ಸಕ್ಕದ, ‘ಸರಿಯಿಲ್ಲದ ಪಾಲು’ ಎನ್ನಬಹುದಿತ್ತು. ಹಟ ಮಾಡುವುದಿಲ್ಲ, ಗುರುವಾರ ಹತ್ತಿರವಿದೆ.

ಫ್ರೀಮಾಂಟ್ – ಗುರುವಾರ

ಅಚ್ಚಿಗೆ ಕಳಿಸಿ ಈಗಷ್ಟೇ ಬಂದೆ. ತಲೆಬರಹ: ‘ಜೈಲುಪಾಲಾಗುವ ಮಕ್ಕಳು ಯಾರು?’ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: ‘ಮಕ್ಕಳ ನ್ಯಾಯದಲ್ಲಿ ಅಸಮ ಪಾಲು – ಮೈಬಣ್ಣ, ಒಲವು, ಲಿಂಗತ್ವ’. ‘ಜೈಲು’ ಎಂಬ ಪದಕ್ಕೆ ಗುಂಪಿನವರು ಹಿಂದೆಮುಂದೆ ನೋಡಿದರು, ಮಕ್ಕಳನ್ನಿಡುವ ಜಾಗಕ್ಕೆ ಕಾನೂನಿನಲ್ಲಿ ಆ ಹೆಸರಿಲ್ಲ ಎಂದು. ವಕೀಲರು ಹೇಳಿದ ಗಾಲ್ಟ್ ಪ್ರಕರಣವನ್ನು ನೆನಪಿಸಿದೆ, ಒಪ್ಪಿದರು.

‘ರೇಸ್’ಗೆ ಒಳಪುಟಗಳಲ್ಲಿ ‘ಜನಾಂಗ’ ಎಲ್ಲೂ ಇಲ್ಲ. ಕಪ್ಪು ಮಕ್ಕಳು, ಬಿಳಿಯ ಮಕ್ಕಳು, ಮೂಲನಿವಾಸಿ ಮಕ್ಕಳು, ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಮಕ್ಕಳು ಎಂದು ಆಯಾ ಹೆಸರಿನಿಂದಲೇ ಬರೆದೆ. ಲ್ಯಾಟಿನೋ ಮೈಬಣ್ಣಕ್ಕೆ ಸಿಗುವ ಗುಂಪಲ್ಲ, ತಲೆಬರಹ ಅಷ್ಟರಮಟ್ಟಿಗೆ ಕುಂಟುತ್ತದೆ, ಒಪ್ಪುತ್ತೇನೆ. ಸ್ಟೇಟಸ್ ಅಫೆನ್ಸಿಗೆ ಒಂದು ಪದ ಹುಡುಕುವುದನ್ನೇ ಬಿಟ್ಟು ‘ದೊಡ್ಡವರು ಮಾಡಿದರೆ ತಪ್ಪಲ್ಲದ, ಮಕ್ಕಳು ಮಾಡಿದರೆ ತಪ್ಪಾಗುವಂಥವು’ ಎಂದು ಬಿಡಿಸಿ ಬರೆದೆ. ಮೂರನೇ ಪುಟದಲ್ಲಿ ‘ಮನೆ ಬಿಟ್ಟ ಮಗು’ ಐದು ಕಡೆ ಬಂದಿದೆ. ‘ತಾರತಮ್ಯ’ವೂ ಒಂದು ಕಡೆ ಇದೆ ಮೇಷ್ಟ್ರೇ. ಒಂದೇ ಬಗೆಯ ತಪ್ಪಿಗೆ ಒಬ್ಬನನ್ನು ಗದರಿಸಿ ಬಿಟ್ಟು ಇನ್ನೊಬ್ಬನನ್ನು ಠಾಣೆಗೆ ಒಯ್ಯುವ ಜಾಗದಲ್ಲಿ. ಅಲ್ಲಿ ಆ ಪದಕ್ಕೇ ಹಕ್ಕು.

‘ಡೈವರ್ಷನ್’ ಮಾತ್ರ ಹಾಗೇ ಉಳಿದಿದೆ. ಮಗುವನ್ನು ಕೋರ್ಟಿಗೆ ಹಚ್ಚದೆ ಆಪ್ತಸಲಹೆಗೋ ಸಮುದಾಯದ ಕೆಲಸಕ್ಕೋ ಕಳಿಸುವುದು. ಸದ್ಯಕ್ಕೆ ‘ಬದಲಿ ದಾರಿ’ ಎಂದಿದ್ದೇನೆ, ರಸ್ತೆ ರಿಪೇರಿಯ ಬೋರ್ಡಿನಂತೆ ಕೇಳುತ್ತದೆ. ಎರಡನೆಯ ಮುದ್ರಣ ಬರುವ ತಿಂಗಳು. ಯಾರಿಗಾದರೂ ಹೊಳೆದರೆ ಬರೆಯಿರಿ.